ಪೈಪ್‌ಲೈನ್ ಹಾದ ಜಮೀನು: ಏನು ಮಾಡಬಹುದು, ಏನು ಕೂಡದು

ಶಿವಮೊಗ್ಗದ ಎಂಆರ್‌ಎಸ್ ಸರ್ಕಲ್ ದಾಟಿ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಯ ಕಡೆ ಹೊರಟರೆ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಗಳ ನಡುವೆ ಪೇಟೆ ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂದು ಹೇಳುವುದು ಈಗ ಕಷ್ಟ. ಕೆಐಎಡಿಬಿ ಕೈಗಾರಿಕಾ ಪ್ರದೇಶ, ಶಿಮುಲ್ ಡೇರಿ, ಕೆಎಸ್‌ಆರ್‌ಪಿ 8ನೇ ಬೆಟಾಲಿಯನ್, ಬೀರೂರು ಕಡೆಯಿಂದ ಬರುವ ರೈಲು ಹಳಿ, ನಡುನಡುವೆ ಉಳಿದುಕೊಂಡ ಗದ್ದೆ ಮತ್ತು ಅಡಿಕೆ ತೋಟ. ಎರಡು ಊರುಗಳಿಗೂ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಅಂದ ಮೇಲೆ ಮಧ್ಯದ ಈ ಪಟ್ಟಿ ಇವತ್ತಲ್ಲ ನಾಳೆ ಸೈಟು, ಶೆಡ್ಡು, ಗೋದಾಮು ಆಗುವುದೇ ಸೈ ಎಂದು ಜನ ಲೆಕ್ಕ ಹಾಕಿಕೊಂಡಿದ್ದಾರೆ.

ಇಂಥ ಜಾಗದಲ್ಲಿ ಜಮೀನು ಕೊಳ್ಳುವವರು ಪಹಣಿ ನೋಡುತ್ತಾರೆ, ಇಸಿ ತೆಗೆಸುತ್ತಾರೆ, ವಕೀಲರ ಹತ್ತಿರ ಕಾಗದ ಓದಿಸುತ್ತಾರೆ. ನೆಲದ ಅಡಿಯಲ್ಲಿ ಏನು ಹೋಗಿದೆ, ತಲೆಯ ಮೇಲೆ ಏನು ಹೋಗಿದೆ ಎಂದು ಕೇಳುವವರು ಕಡಿಮೆ. ನೀರಿನ ದೊಡ್ಡ ಕೊಳವೆ, ಒಳಚರಂಡಿ, ಓಎಫ್‌ಸಿ ಕೇಬಲ್, ಹೈಟೆನ್ಷನ್ ತಂತಿ ಹೋಗಿರಬಹುದು. ಮುಂದೆ ಅನಿಲದ ಕೊಳವೆಯೂ ಬರಬಹುದು. ಉತ್ತರ ಕನ್ನಡ, ಹಾವೇರಿ, ಶಿವಮೊಗ್ಗ ಜಿಲ್ಲೆಗಳನ್ನು ಒಂದು ವಲಯವಾಗಿ ಸೇರಿಸಿ ನಗರ ಅನಿಲ ವಿತರಣೆಯ 10ನೇ ಸುತ್ತಿನ ಹರಾಜಿನಲ್ಲಿ ಈಗಾಗಲೇ ಹಂಚಲಾಗಿದೆ. ಜಮೀನಿನ ಮಾಲೀಕತ್ವ ಒಬ್ಬರದು, ಅದರೊಳಗಿನ ಒಂದು ಪಟ್ಟಿಯನ್ನು ಬಳಸುವ ಹಕ್ಕು ಇನ್ನೊಬ್ಬರದು ಎನ್ನುವ ಈ ವ್ಯವಸ್ಥೆಯನ್ನು ಸರಿಯಾಗಿ ತಿಳಿದುಕೊಳ್ಳದೆ ಪಾಯ ತೋಡಿದವರು ಕೊನೆಗೆ ದುಡ್ಡು ಮತ್ತು ನೆಮ್ಮದಿ ಎರಡನ್ನೂ ಕಳೆದುಕೊಳ್ಳುತ್ತಾರೆ. ಹಾಗೆಯೇ, ಕಾನೂನು ತಮಗೆ ಕೊಟ್ಟಿರುವ ರಕ್ಷಣೆ ಗೊತ್ತಿಲ್ಲದೆ ಕಂಪನಿ ಹೇಳಿದ್ದಕ್ಕೆಲ್ಲ ಸಹಿ ಹಾಕಿ ಕೈ ತೊಳೆದುಕೊಂಡ ರೈತರೂ ಇದ್ದಾರೆ. ಈ ಎರಡನೆಯವರ ವಿಷಯ ನನಗೆ ಹೆಚ್ಚು ಮುಖ್ಯ.

ಎಣ್ಣೆ ಮತ್ತು ಅನಿಲದ ದೊಡ್ಡ ಕೊಳವೆಗಳಿಗೆ ಒಂದು ಪ್ರತ್ಯೇಕ ಕೇಂದ್ರ ಕಾಯ್ದೆ ಇದೆ: 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಕಾಯ್ದೆ, ಅಂದರೆ ಜಮೀನಿನ ಬಳಕೆ ಹಕ್ಕನ್ನು ಮಾತ್ರ ಸ್ವಾಧೀನಪಡಿಸಿಕೊಳ್ಳುವ ಕಾಯ್ದೆ. ಅದನ್ನು ತಂದಾಗ ಸರ್ಕಾರದ ತರ್ಕ ಸರಳವಾಗಿತ್ತು. ಕೊಳವೆ ನೆಲದಡಿಯಲ್ಲಿ ಹೋಗುತ್ತದೆ, ಮೇಲೆ ರೈತ ಉಳಬಹುದು, ಹಾಗಿರುವಾಗ ಇಡೀ ಜಮೀನನ್ನು ಕೊಂಡುಕೊಳ್ಳುವುದು ದುಬಾರಿ, ಅನಗತ್ಯವೂ ಹೌದು. ಮೊದಲು ಪೆಟ್ರೋಲಿಯಂಗೆ ಮಾತ್ರ ಇದ್ದ ಈ ಕಾಯ್ದೆಗೆ 1977ರ ತಿದ್ದುಪಡಿಯಲ್ಲಿ ಖನಿಜಗಳೂ ಸೇರಿದವು. ನಮ್ಮ ಪಕ್ಕದ ಕುದುರೆಮುಖದಿಂದ ಮಂಗಳೂರಿನ ಪಣಂಬೂರಿಗೆ ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಕೊಳವೆಯಲ್ಲಿ ಹರಿಸುತ್ತಿದ್ದುದು ಹಳೆಯ ತಲೆಮಾರಿಗೆ ನೆನಪಿರುತ್ತದೆ.

ಕರ್ನಾಟಕಕ್ಕೆ ಈ ಅನುಭವ ಹೊಸದಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲು, ಡೀಸೆಲ್ ಸಾಗಿಸುವ 360 ಕಿ.ಮೀ.ಗೂ ಹೆಚ್ಚು ಉದ್ದದ ಪೆಟ್ರೋನೆಟ್ ಎಂಎಚ್‌ಬಿ ಕೊಳವೆ 2003ರಿಂದ ನಡೆಯುತ್ತಿದೆ. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಗೇಲ್ ಅನಿಲ ಕೊಳವೆ 2013ರಲ್ಲಿ ಆರಂಭವಾಯಿತು. ಅದು ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಕಡೆಯ ಹೊಲಗಳ ಅಡಿಯಲ್ಲಿ ಹಾದುಬಂದಿದೆ. ಕೊಚ್ಚಿಯಿಂದ ಕಾಸರಗೋಡಿನ ಮೂಲಕ ಮಂಗಳೂರಿಗೆ ಬಂದ 450 ಕಿ.ಮೀ. ಕೊಳವೆ ಲೋಕಾರ್ಪಣೆಯಾದದ್ದು 2021ರ ಜನವರಿ 5ರಂದು. ಈ ದಾರಿಗಳಲ್ಲಿ ಜಮೀನಿರುವ ಎಲ್ಲರಿಗೂ ಅನ್ವಯಿಸುವುದು ಆ 1962ರ ಕಾಯ್ದೆಯೇ.

ಅದರ 9ನೇ ಕಲಂ ಪ್ರತಿಯೊಬ್ಬ ಮಾಲೀಕನಿಗೂ ಬಾಯಿಪಾಠವಾಗಿರಬೇಕು. ಅಧಿಸೂಚನೆ ಹೊರಡುವ ಮುಂಚೆ ಜಮೀನನ್ನು ಯಾವುದಕ್ಕೆ ಬಳಸುತ್ತಿದ್ದಿರೋ ಅದಕ್ಕೆ ಮುಂದೆಯೂ ಬಳಸಬಹುದು. ಭತ್ತ, ಜೋಳ, ಶುಂಠಿ, ತರಕಾರಿ, ಹುಲ್ಲು ಬೆಳೆಯಬಹುದು. ಆದರೆ ಆ ಪಟ್ಟಿಯ ಮೇಲೆ ಕಟ್ಟಡವನ್ನಾಗಲಿ ಬೇರೆ ಯಾವ ನಿರ್ಮಾಣವನ್ನಾಗಲಿ ಎಬ್ಬಿಸುವಂತಿಲ್ಲ. ಕೆರೆ, ಬಾವಿ, ನೀರಿನ ತೊಟ್ಟಿ, ಒಡ್ಡು ತೋಡುವಂತಿಲ್ಲ, ಕಟ್ಟುವಂತಿಲ್ಲ. ಮರ ನೆಡುವಂತಿಲ್ಲ. ಕೊಳವೆಗೆ ಧಕ್ಕೆಯಾಗುವ ಬೇರೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ‘ನಿರ್ಮಾಣ’ ಎಂದರೆ ಆರ್‌ಸಿಸಿ ಮನೆ ಮಾತ್ರ ಎಂದುಕೊಂಡು ಕಾಂಪೌಂಡ್ ಗೋಡೆ, ತಗಡಿನ ಶೆಡ್ಡು, ದನದ ಕೊಟ್ಟಿಗೆ ಕಟ್ಟಿದರೆ ಅದೂ ತಪ್ಪೇ. ಹೀಗೆ ಕಟ್ಟಿದ್ದನ್ನು ತೆಗೆಸಲು ಸಕ್ಷಮ ಪ್ರಾಧಿಕಾರ, ಅಂದರೆ ಈ ಕಾಯ್ದೆಯಡಿ ನೇಮಕವಾದ ಅಧಿಕಾರಿ, ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು. ತೆಗೆಸಿದ ಖರ್ಚು ಕಟ್ಟಿದವರ ಮೇಲೆಯೇ ಬೀಳುತ್ತದೆ. ಈ ನಿರ್ಬಂಧ ವ್ಯಕ್ತಿಗೆ ಅಂಟಿದ್ದಲ್ಲ, ಜಮೀನಿಗೆ ಅಂಟಿದ್ದು. ಮಾರಿದರೂ, ಭಾಗವಾದರೂ, ಮಕ್ಕಳ ಹೆಸರಿಗೆ ಹೋದರೂ ಹಾಗೆಯೇ ಉಳಿಯುತ್ತದೆ.

ಈ ಕಟ್ಟುಪಾಡುಗಳ ಹಿಂದೆ ಕಾರಣಗಳಿವೆ. ಉಕ್ಕಿನ ಕೊಳವೆಯ ಮೈಗೆ ತುಕ್ಕು ಹಿಡಿಯದಂತೆ ಲೇಪನ ಬಳಿದಿರುತ್ತಾರೆ, ಜೊತೆಗೆ ಸಣ್ಣ ಪ್ರಮಾಣದ ವಿದ್ಯುತ್ತನ್ನೂ ಹರಿಸುತ್ತಿರುತ್ತಾರೆ. ಬೇರು ತಾಗಿ, ಇಲ್ಲವೇ ಜೆಸಿಬಿಯ ಹಲ್ಲು ತಾಗಿ ಆ ಲೇಪನ ಕಿತ್ತುಹೋದರೆ ಅಂದು ಏನೂ ಆಗುವುದಿಲ್ಲ. ವರ್ಷಗಳ ನಂತರ ಅದೇ ಜಾಗದಲ್ಲಿ ತೂತು ಬೀಳುತ್ತದೆ. ಹೊಂಡ ತೋಡಿದರೆ ಮೇಲಿನ ಮಣ್ಣಿನ ಹೊದಿಕೆ ಕಡಿಮೆಯಾಗುತ್ತದೆ, ನೀರು ನಿಂತರೆ ಮಣ್ಣು ಸಡಿಲಾಗುತ್ತದೆ. ಮನೆ ಎದ್ದರೆ ಸೋರಿಕೆಯಾದಾಗ ದುರಸ್ತಿಗೆ ದಾರಿಯೇ ಇರುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಮನೆಯೊಳಗೆ ಜನ ಇರುತ್ತಾರೆ. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬ ಹಳ್ಳಿಯಲ್ಲಿ ಗೇಲ್ ಕೊಳವೆಯಿಂದ ಸೋರಿದ ಅನಿಲಕ್ಕೆ ಬೆಂಕಿ ತಗುಲಿ 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಜನ ಕೊಳವೆಗೆ ಏನೂ ಮಾಡಿರಲಿಲ್ಲ. ಸವೆದು ಹೋದ ಕೊಳವೆಯ ಹೊಣೆ ಅದನ್ನು ನಡೆಸುವವರದು. ನಿರ್ಬಂಧಗಳನ್ನು ರೈತ ಪಾಲಿಸಬೇಕು ಎನ್ನುವಾಗ, ಕಂಪನಿ ತನ್ನ ಕೊಳವೆಯನ್ನು ಚೆನ್ನಾಗಿ ಇಟ್ಟುಕೊಂಡಿದೆಯೇ ಎಂದು ಕೇಳುವ ಅಧಿಕಾರವೂ ಅದೇ ರೈತನಿಗಿದೆ ಎಂದು ನಾನು ನಂಬುತ್ತೇನೆ.

ಇನ್ನು ಕಾಯ್ದೆಯ ಮತ್ತೊಂದು ಮುಖ. ಕೊಳವೆ ಹಾಕಬೇಕೆಂದರೆ ಮೊದಲು 3ನೇ ಕಲಂನಡಿ ಅಧಿಸೂಚನೆ ಹೊರಡಬೇಕು. ಊರಿನ ಹೆಸರು, ಸರ್ವೆ ನಂಬರು, ಎಷ್ಟು ಹೆಕ್ಟೇರು, ಎಷ್ಟು ಆರ್, ಎಷ್ಟು ಚದರ ಮೀಟರು ಎಂಬುದು ರಾಜಪತ್ರದಲ್ಲಿ ಬರುತ್ತದೆ. ಅಲ್ಲಿಂದ 21 ದಿನಗಳೊಳಗೆ ಜಮೀನಿನ ಮೇಲೆ ಹಕ್ಕುಳ್ಳ ಯಾರೇ ಆದರೂ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಕೊಡಬಹುದು, ಖುದ್ದಾಗಿ ಅಥವಾ ವಕೀಲರ ಮೂಲಕ ಹೇಳಿಕೊಳ್ಳಬಹುದು. ಈ 21 ದಿನ ಬಹಳ ಬೆಲೆಬಾಳುವ ದಿನಗಳು. ದಾರಿಯನ್ನು ಹೊಲದ ನಟ್ಟನಡುವೆ ಒಯ್ಯುವ ಬದಲು ಬದುವಿನ ಪಕ್ಕಕ್ಕೆ ಸರಿಸಿ, ಬಾವಿ ತಪ್ಪಿಸಿ ಎಂದು ಕೇಳುವುದಿದ್ದರೆ ಆಗಲೇ ಕೇಳಬೇಕು. ಕೊಳವೆ ಬಂದು ಕಂದಕ ತೋಡಿದ ಮೇಲೆ ಮಾಡುವ ಪ್ರತಿಭಟನೆಗೆ ಕಾನೂನಿನ ಬಲ ತೀರ ಕಡಿಮೆ. ತಮಿಳುನಾಡಿನಲ್ಲಿ ಕೊಯಮತ್ತೂರಿನಿಂದ ಕೃಷ್ಣಗಿರಿವರೆಗಿನ ಜಿಲ್ಲೆಗಳ ರೈತರು ಗೇಲ್ ಕೊಳವೆಯನ್ನು ಹೊಲ ಬಿಟ್ಟು ಹೆದ್ದಾರಿ ಬದಿಯಲ್ಲಿ ಒಯ್ಯಿರಿ ಎಂದು ಹೋರಾಡಿದರು, 2013ರಲ್ಲಿ ರಾಜ್ಯ ಸರ್ಕಾರವೂ ಅವರ ಜೊತೆ ನಿಂತಿತು. ಆದರೂ 2016ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು.

ಎಲ್ಲೆಂದರಲ್ಲಿ ಕೊಳವೆ ಹಾಕುವ ಹಾಗೂ ಇಲ್ಲ. ಅಧಿಸೂಚನೆಗೆ ಮುಂಚೆಯೇ ವಾಸಕ್ಕೆ ಬಳಸುತ್ತಿದ್ದ ಜಾಗ, ಶಾಶ್ವತ ಕಟ್ಟಡ ನಿಂತಿರುವ ಜಾಗ, ವಾಸದ ಮನೆಗೆ ಹೊಂದಿಕೊಂಡ ಹಿತ್ತಲು, ಇವುಗಳ ಅಡಿಯಲ್ಲಿ ಹಾಕುವುದನ್ನು 7ನೇ ಕಲಂ ತಡೆಯುತ್ತದೆ. ನೆಲದ ಮೇಲ್ಮೈಯಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿಯೂ ಹಾಕುವಂತಿಲ್ಲ. ಕಂದಕ ತೆರೆದಿದ್ದಾಗ ಟೇಪು ಹಿಡಿದು ಆಳ ಅಳೆದು ಫೋಟೊ ತೆಗೆದಿಟ್ಟುಕೊಳ್ಳುವುದು ಯಾರಿಗೂ ಮಾಡುವ ಅವಮಾನವಲ್ಲ. ಮುಂದೆ ಟ್ರ್ಯಾಕ್ಟರ್ ನೇಗಿಲು ತಾಗಿತು ಎಂದು ನಿಮ್ಮ ಮೇಲೆ ದೂರು ಬಂದರೆ ನಿಮ್ಮನ್ನು ಕಾಯುವ ಸಾಕ್ಷಿ ಅದೇ. 3ನೇ ಕಲಂನ ಅಧಿಸೂಚನೆಯಾಗಿ ಒಂದು ವರ್ಷದೊಳಗೆ ಅಂತಿಮ ಘೋಷಣೆ ಬರದಿದ್ದರೆ ಆ ಅಧಿಸೂಚನೆ ತಾನಾಗಿ ಬಿದ್ದುಹೋಗುತ್ತದೆ. ಕೊಳವೆ ಹಾಕಿದ ಮೇಲೂ, ಪರೀಕ್ಷೆಗೆ, ದುರಸ್ತಿಗೆ ಜಮೀನಿಗೆ ಇಳಿಯುವ ಮುಂಚೆ ಅವರು ನಿಮಗೆ ತಕ್ಕಷ್ಟು ಮೊದಲೇ ತಿಳಿಸಬೇಕು. ತುರ್ತು ಇದ್ದಾಗ ಮಾತ್ರ ಇದಕ್ಕೆ ವಿನಾಯಿತಿ. ಬೆಳೆ ಹಾಳಾದರೆ ಆ ಸಲದ ಪರಿಹಾರವನ್ನು ಬೇರೆಯಾಗಿ ಕೇಳಬಹುದು.

ಪರಿಹಾರದ ಮಾತಿಗೆ ಬಂದರೆ ನನ್ನ ತಕರಾರು ಅಲ್ಲಿದೆ. 10ನೇ ಕಲಂ ಎರಡು ಬಗೆಯ ಹಣ ಕೊಡಿಸುತ್ತದೆ. ಒಂದು, ಕೆಲಸದಿಂದಾದ ನಷ್ಟ: ಕಡಿದ ಮರ, ಹಾಳಾದ ಪೈರು, ಜಮೀನು ಎರಡು ಹೋಳಾಗಿ ತಾತ್ಕಾಲಿಕವಾಗಿ ಬಳಸಲಾಗದೆ ಹೋದದ್ದು, ಗಳಿಕೆಗೆ ಬಿದ್ದ ಪೆಟ್ಟು. ಇನ್ನೊಂದು, ಬಳಕೆ ಹಕ್ಕಿಗಾಗಿ ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇ 10. ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಮಲೆನಾಡಿನ ಅಂಚಿನ ಈ ನೆಲದಲ್ಲಿ ಶೇ 10 ಎಂದರೆ ಏನು ಎಂದು ಲೆಕ್ಕ ಹಾಕಿ ನೋಡೋಣ. 20 ಮೀಟರ್ ಅಗಲದ ಪಟ್ಟಿ ಒಂದು ತೋಟವನ್ನು 100 ಮೀಟರ್ ಉದ್ದಕ್ಕೆ ಸೀಳಿಕೊಂಡು ಹೋಯಿತು ಎಂದುಕೊಳ್ಳಿ. ಅದು 2,000 ಚದರ ಮೀಟರ್, ಸರಿಸುಮಾರು 20 ಗುಂಟೆ, ಅಂದರೆ ಅರ್ಧ ಎಕರೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆಯಾದರೆ ಸುಮಾರು 270 ಮರ. ಇಂದಿನ ಮರಗಳಿಗೆ ಪರಿಹಾರ ಬರಬಹುದು. ಆದರೆ ಅಡಿಕೆ ಮರ ಅಲ್ಲವೇ, ಅಲ್ಲಿ ಮತ್ತೆ ನೆಡುವಂತಿಲ್ಲ. ನೆಟ್ಟು ಐದಾರು ವರ್ಷಕ್ಕೆ ಫಸಲು ಕೊಟ್ಟು, ನಾಲ್ಕೈದು ದಶಕ ಮನೆ ನಡೆಸಬಲ್ಲ ಬೆಳೆಯ ಸಾಧ್ಯತೆಯೇ ಆ ಅರ್ಧ ಎಕರೆಯಲ್ಲಿ ಮುಗಿಯಿತು. ತೋಟದ ಉಳಿದೆರಡು ತುಂಡುಗಳಿಗೆ ನೀರಿನ ಪೈಪು, ಔಷಧಿ ಹೊಡೆಯುವ ದಾರಿ ಎಲ್ಲವನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕು. ಅದೇ ಅರ್ಧ ಎಕರೆ ಮಾಚೇನಹಳ್ಳಿಯಂಥ ಜಾಗದಲ್ಲಿದ್ದರೆ, ರಸ್ತೆಗೆ ಬಿಡುವುದನ್ನು ಲೆಕ್ಕಕ್ಕೆ ಹಿಡಿಯದೆ 30–40ರ 18 ಸೈಟುಗಳಷ್ಟು ಜಾಗ. ಗುಂಟೆಗೆ ಒಂದು ಲಕ್ಷ ಎಂದು ಉದಾಹರಣೆಗೆ ಇಟ್ಟುಕೊಂಡರೂ, 20 ಲಕ್ಷದ ನೆಲದಲ್ಲಿ ಕಟ್ಟುವ, ನೆಡುವ, ತೋಡುವ ಮೂರೂ ಸ್ವಾತಂತ್ರ್ಯ ಹೋದದ್ದಕ್ಕೆ ಸಿಗುವುದು 2 ಲಕ್ಷ. ಹೊಲ ಹೊಲವಾಗಿಯೇ ಉಳಿಯುತ್ತದೆ ಎಂದು ನಂಬಿದ್ದ 1962ರ ಕಾಲಕ್ಕೆ ಈ ಪ್ರಮಾಣ ಸರಿಯಿದ್ದಿರಬಹುದು. ಊರಿಗೆ ಊರು ಕೂಡಿಕೊಳ್ಳುತ್ತಿರುವ ಕಡೆ ಅದು ಅನ್ಯಾಯ.

ಹೈಟೆನ್ಷನ್ ತಂತಿಯ ವಿಷಯದಲ್ಲಿ ಕೇಂದ್ರ ಸರ್ಕಾರವೇ ಇದನ್ನು ಒಪ್ಪಿಕೊಂಡಿದೆ. ತಂತಿಯ ಕೆಳಗಿನ ಪಟ್ಟಿಗೆ ಜಮೀನಿನ ಬೆಲೆಯ ಶೇ 15ರವರೆಗೆ, ಗೋಪುರದ ಬುಡಕ್ಕೆ ಶೇ 85 ಎಂದು 2015ರ ಅಕ್ಟೋಬರಿನ ಮಾರ್ಗಸೂಚಿ ಹೇಳಿತ್ತು. 2024ರ ಜೂನ್‌ನಲ್ಲಿ ಅದನ್ನು ಪರಿಷ್ಕರಿಸಿ ಪಟ್ಟಿಗೆ ಶೇ 30, ಗೋಪುರದ ಬುಡಕ್ಕೆ ಶೇ 200 ಎಂದು ಮಾಡಿದರು. ರಾಜ್ಯಗಳು ತಮ್ಮ ಆದೇಶ ಹೊರಡಿಸಿ ಇದನ್ನು ಅಳವಡಿಸಿಕೊಳ್ಳಬೇಕು ಎನ್ನುವುದು ನಿಜ. ಆದರೂ ತಲೆಯ ಮೇಲಿನ ತಂತಿಗೆ ಶೇ 30 ನ್ಯಾಯ ಎಂದಾದರೆ, ಕಾಲಡಿಯ ಕೊಳವೆಗೆ ಇನ್ನೂ ಶೇ 10 ಏಕೆ? 10ನೇ ಕಲಂ ತಿದ್ದಬೇಕಾದದ್ದು ಸಂಸತ್ತು. ನಮ್ಮ ಜಿಲ್ಲೆಯ ಜನಪ್ರತಿನಿಧಿಗಳು, ಪಕ್ಷ ಯಾವುದೇ ಇರಲಿ, ಇದನ್ನು ಅಲ್ಲಿ ಎತ್ತಬೇಕು.

ತಂತಿಯ ಮಾತು ಬಂದಿತಲ್ಲ, ಈ ರಸ್ತೆಯಲ್ಲಿ ಅದು ಎಲ್ಲರ ಕಣ್ಣಿಗೂ ಬೀಳುವಂಥದ್ದು. ಶರಾವತಿಯ ಕರೆಂಟು ಬಂದು ಸೇರುವ ವಿದ್ಯುತ್ ಸ್ವೀಕರಣಾ ಕೇಂದ್ರ, ಎಂಆರ್‌ಎಸ್, ಇರುವುದೇ ಇಲ್ಲಿ. 110 ಕೆ.ವಿ. ಮಾರ್ಗಕ್ಕೆ 22 ಮೀಟರ್, 220 ಕೆ.ವಿ. ಮಾರ್ಗಕ್ಕೆ 35 ಮೀಟರ್ ಅಗಲದ ದಾರಿ ಬಿಡುವುದು ಪದ್ಧತಿ. ಕಟ್ಟಡದಿಂದ 220 ಕೆ.ವಿ. ತಂತಿಗೆ ನೇರ ಮೇಲಕ್ಕೆ ಕನಿಷ್ಠ 5.5 ಮೀಟರ್, ಪಕ್ಕಕ್ಕೆ 3.8 ಮೀಟರ್ ಅಂತರ ಇರಬೇಕು. ಬೀದಿಯ 11 ಕೆ.ವಿ. ತಂತಿಗೂ ಮೇಲಕ್ಕೆ 3.7, ಪಕ್ಕಕ್ಕೆ 1.2 ಮೀಟರ್ ಬೇಕು. ಈ ಅಳತೆಯನ್ನು ತಂತಿ ಬಿಸಿಲಿಗೆ ಪೂರ್ತಿ ಜೋತುಬಿದ್ದ, ಗಾಳಿಗೆ ಪೂರ್ತಿ ವಾಲಿದ ಸ್ಥಿತಿಯಲ್ಲಿ ನೋಡಬೇಕು, ಬೆಳಿಗ್ಗೆ ತಣ್ಣಗಿರುವಾಗ ಅಲ್ಲ. ಮೊದಲ ಮಹಡಿಗೆ ಸರಿಯಿದ್ದ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿ, ಕಬ್ಬಿಣದ ಸರಳು ಎತ್ತುವಾಗ ಗಾರೆ ಕೆಲಸದವರು ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ನಾವು ಓದುತ್ತಲೇ ಇರುತ್ತೇವೆ. ಸರಳು ಎತ್ತುವ ದಿನ ಮೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಲೈನ್ ಕ್ಲಿಯರ್ (ತಂತಿಯ ಕರೆಂಟು ನಿಲ್ಲಿಸಿದ ಖಾತರಿ) ತೆಗೆದುಕೊಳ್ಳಿ.

ನೀರಿನ ಕೊಳವೆಗಳ ಕಥೆ ಬೇರೆ. ಪಾಲಿಕೆ, ನಗರಸಭೆಯ ಮುಖ್ಯ ಕೊಳವೆ ಮತ್ತು ಒಳಚರಂಡಿಗಳ ಮೇಲೆ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಕಟ್ಟಿದ್ದನ್ನು ಒಡೆಯುವ ಅಧಿಕಾರ ಸ್ಥಳೀಯ ಸಂಸ್ಥೆಗಿದೆ. ಆದರೆ ಹಳ್ಳಿಗಳಲ್ಲಿ ಜಗಳ ಹೆಚ್ಚಾಗಿ ಹುಟ್ಟುವುದು ಪಕ್ಕದ ಜಮೀನಿನವರ ಪಿವಿಸಿ ಪೈಪಿನಿಂದ. ಒಬ್ಬರ ಬೋರ್‌ವೆಲ್ಲಿನಿಂದ ಇನ್ನೊಬ್ಬರ ಹೊಲದ ಅಡಿಯಲ್ಲಿ ಪೈಪು ಒಯ್ದಿರುತ್ತಾರೆ, ಅಪ್ಪಂದಿರ ಕಾಲದ ಬಾಯಿಮಾತು ಅದಕ್ಕೆ ಆಧಾರ. ಇಂಥದ್ದಕ್ಕೆ ಅನ್ವಯಿಸುವುದು 1882ರ ಅನುಭೋಗ ಹಕ್ಕುಗಳ ಕಾಯ್ದೆ. ಯಾರ ತಡೆಯೂ ಇಲ್ಲದೆ, ಬಹಿರಂಗವಾಗಿ, ಹಕ್ಕು ಎಂದೇ 20 ವರ್ಷ ಬಳಸಿಕೊಂಡು ಬಂದಿದ್ದರೆ ಅದು ಹಕ್ಕಾಗಿ ಗಟ್ಟಿಯಾಗುತ್ತದೆ. ಸರ್ಕಾರಿ ಜಾಗವಾದರೆ 30 ವರ್ಷ. ಬರೀ ಅನುಮತಿಯ ಮೇಲೆ ನಡೆದದ್ದಾದರೆ ಮಾಲೀಕ ಅದನ್ನು ಹಿಂದಕ್ಕೆ ಪಡೆಯಬಹುದು. ಆದರೆ ಆ ಅನುಮತಿಯನ್ನು ನಂಬಿ ಇನ್ನೊಬ್ಬರು ಖರ್ಚು ಮಾಡಿ ಶಾಶ್ವತವಾದ ಕೆಲಸ ಮಾಡಿದ್ದರೆ ಹಿಂಪಡೆಯುವುದು ಸುಲಭವಲ್ಲ. ಅಣ್ಣತಮ್ಮಂದಿರ ನಡುವೆಯೇ ಆದರೂ ಪೈಪು ಎಲ್ಲಿ ಹೋಗುತ್ತದೆ, ಎಷ್ಟು ಆಳ, ಕೆಟ್ಟರೆ ಅಗೆದು ಮುಚ್ಚುವ ಖರ್ಚು ಯಾರದು ಎಂದು ಒಂದು ಕರಾರು ಬರೆದು, ನಕ್ಷೆ ಹಚ್ಚಿ, ನೋಂದಾಯಿಸಿಟ್ಟುಕೊಂಡರೆ ಮುಂದಿನ ತಲೆಮಾರು ಕೋರ್ಟಿಗೆ ಅಲೆಯುವುದು ತಪ್ಪುತ್ತದೆ.

ಅಗೆಯುವ ಮುಂಚೆ ಏನು ಮಾಡಬೇಕು? ಪಹಣಿಯ 11ನೇ ಕಾಲಂನಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು ಬರುತ್ತವೆ. ಬ್ಯಾಂಕ್ ಸಾಲವನ್ನು ಮಾತ್ರ ಅಲ್ಲಿ ಹುಡುಕಬೇಡಿ, ಬಳಕೆ ಹಕ್ಕು ನಮೂದಾಗಿದೆಯೇ ಎಂದೂ ನೋಡಿ. ಅಲ್ಲಿ ಇಲ್ಲದಿದ್ದರೆ ಕೊಳವೆಯೂ ಇಲ್ಲ ಎಂದು ತೀರ್ಮಾನಿಸಬಾರದು. ಹಕ್ಕು ಹುಟ್ಟುವುದು ರಾಜಪತ್ರದ ಅಧಿಸೂಚನೆಯಿಂದ. ಬದುಗಳ ಮೇಲೆ ನಡೆದು ಹಳದಿ ಕಲ್ಲು, ಎಚ್ಚರಿಕೆ ಫಲಕ, ಪರೀಕ್ಷಾ ಕಂಬ ಇದೆಯೇ ನೋಡಿ. ಫಲಕದಲ್ಲಿರುವ ದೂರವಾಣಿಗೆ ಕರೆ ಮಾಡಿ, ಸರ್ವೆ ನಂಬರು ಹಾಕಿ ಲಿಖಿತವಾಗಿ ಕೇಳಿ. ಅವರ ಸಿಬ್ಬಂದಿ ಬಂದು ದಾರಿ ಗುರುತು ಮಾಡಿ, ಎದುರಿಗೆ ನಿಂತ ಮೇಲೆಯೇ ಜೆಸಿಬಿ ಇಳಿಸಿ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಅಗೆಯುವವರು ಅದರಲ್ಲಿ ಜಾಗ ತಿಳಿಸಿದರೆ ಅಲ್ಲಿ ಕೇಬಲ್, ಕೊಳವೆ ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಗುತ್ತಿಗೆದಾರರು ಇದನ್ನು ಬಳಸುವುದನ್ನು ಪಾಲಿಕೆ ಮತ್ತು ಪಂಚಾಯಿತಿಗಳು ಕಡ್ಡಾಯ ಮಾಡಿದರೆ ಒಳ್ಳೆಯದು.

ಯಂತ್ರ ಕೊಳವೆಗೆ ತಾಗಿತು ಎನ್ನಿ. ಸೋರದಿದ್ದರೂ ಮಣ್ಣು ಮುಚ್ಚಿ ಸುಮ್ಮನಾಗಬೇಡಿ. ಹೆದರಿಕೆಯಿಂದ ಮುಚ್ಚಿಟ್ಟ ಗೀರೇ ಮುಂದೆ ಅನಾಹುತಕ್ಕೆ ದಾರಿಯಾಗುವುದು. ಸೋರಿದರೆ ಯಂತ್ರ ನಿಲ್ಲಿಸಿ, ಬೀಡಿ, ಬೆಂಕಿ, ಸ್ವಿಚ್ಚು, ಮೊಬೈಲ್ ಯಾವುದನ್ನೂ ಮುಟ್ಟದೆ, ಗಾಳಿ ಬರುವ ದಿಕ್ಕಿಗೆ ದೂರ ಹೋಗಿ, ಅಲ್ಲಿಂದ ಫಲಕದ ನಂಬರಿಗೂ 112ಕ್ಕೂ ಕರೆ ಮಾಡಿ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲೇರಿ ಚದುರುತ್ತದೆ. ಎಲ್‌ಪಿಜಿ ಮತ್ತು ಪೆಟ್ರೋಲಿನ ಆವಿ ಭಾರ, ತಗ್ಗಿಗೆ, ಚರಂಡಿಗೆ ಇಳಿದು ಕೂರುತ್ತದೆ. ತಗ್ಗಿನ ಕಡೆ ಓಡಬಾರದು. ಕೊಳವೆಗೆ ಕನ್ನ ಹಾಕುವವರ ವಿಷಯದಲ್ಲೂ ಮಾಲೀಕ ಕಣ್ಣಿಟ್ಟಿರಬೇಕು. 2021ರಲ್ಲಿ ಬಂಟ್ವಾಳ ತಾಲ್ಲೂಕಿನ ಒಂದು ಜಮೀನಿನಲ್ಲಿ ಮಂಗಳೂರಿನಿಂದ ಹೊರಡುವ ಕೊಳವೆಗೆ ಕನ್ನ ಕೊರೆದು ಡೀಸೆಲ್ ಕದ್ದದ್ದು ಪತ್ತೆಯಾಗಿತ್ತು. 2011ರ ತಿದ್ದುಪಡಿಯ ನಂತರ ಇಂಥ ಅಪರಾಧಕ್ಕೆ ವರ್ಷಗಟ್ಟಲೆ ಕಠಿಣ ಸಜೆ ಇದೆ.

ಇಷ್ಟೆಲ್ಲವನ್ನೂ ಜಮೀನುದಾರನೇ ಹುಡುಕಿ ತಿಳಿಯಬೇಕು ಎನ್ನುವುದು ಸರಿಯಲ್ಲ. ರಾಜ್ಯದ ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ರೈತರಿಗೂ ದಲ್ಲಾಳಿಗಳಿಗೂ ಅದು ಈಗಾಗಲೇ ಕೈಗೆ ಹತ್ತಿದ ಸಲಕರಣೆ. ಕೊಳವೆ ಮತ್ತು ಹೈಟೆನ್ಷನ್ ತಂತಿಗಳ ಪಟ್ಟಿಯನ್ನು ಅದೇ ನಕ್ಷೆಯ ಮೇಲೆ ಬಣ್ಣದ ಗೆರೆಯಾಗಿ ತೋರಿಸಬೇಕು, ಪಹಣಿಯ 11ನೇ ಕಾಲಂನಲ್ಲಿ ಎಷ್ಟು ಗುಂಟೆಗೆ ನಿರ್ಬಂಧ, ಯಾವ ಅಧಿಸೂಚನೆ, ಯಾವ ದಿನಾಂಕ ಎಂಬುದನ್ನು ಬರೆಯಬೇಕು. ಭೂಪರಿವರ್ತನೆ, ಬಡಾವಣೆ ನಕ್ಷೆ, ಕೆಐಎಡಿಬಿ ನಿವೇಶನದ ಕಟ್ಟಡ ಪರವಾನಗಿ ಕೊಡುವ ಪ್ರತಿಯೊಂದು ಕಚೇರಿಯೂ ಅದನ್ನು ನೋಡಿಯೇ ಸಹಿ ಹಾಕಬೇಕು. ಅಧಿಸೂಚನೆಗಳಲ್ಲಿ ಸರ್ವೆ ನಂಬರು, ವಿಸ್ತೀರ್ಣ ಎಲ್ಲ ಇದ್ದೇ ಇದೆ. ಕೊಳವೆ ಕಂಪನಿಗಳ ಬಳಿ, ಕೆಪಿಟಿಸಿಎಲ್ ಬಳಿ ಅಳತೆಯ ನಕ್ಷೆಗಳೂ ಇವೆ. ಅವನ್ನು ಒಂದೇ ಕಡೆ ತಂದು ಜನರ ಮುಂದೆ ಇಡುವ ಕೆಲಸ ಕಂದಾಯ ಇಲಾಖೆಯದು. ಮಾಚೇನಹಳ್ಳಿಯ ಉಳಿದ ಗದ್ದೆಗಳು ಸೈಟುಗಳಾಗುವ ಮೊದಲೇ ಅದು ಆಗಬೇಕು.